ತೋಳಿನ ಬಿಲ್ಲೆ

ಜಯವ್ವನ ಎಡತೋಳಿಗೆ ಬಿಲ್ಲೆ ಅಂಟಿಸಿದ ಭಾನುವಾರದಿಂದ ಮನೆಯಲ್ಲಿ ಎಲ್ಲರಿಗೂ ಒಂದೊಂದು ಕೆಲಸ ಕಡಿಮೆಯಾಯಿತು. ಅತ್ತೆ ಹೊತ್ತಿಗೆ ಸರಿಯಾಗಿ ಉಂಡರೋ ಇಲ್ಲವೋ ಎಂದು ವಿಚಾರಿಸುವ ಕೆಲಸ ಸೊಸೆ ತೇಜಶ್ರೀಗೆ ತಪ್ಪಿತು. ಸಂಜೆ ಮನೆಗೆ ಬಂದು ‘ಹೆಂಗದೀ ಅವ್ವಾ’ ಎಂದು ಕೇಳುವ ಕೆಲಸ ಮಗ ಕೇದಾರನಾಥನಿಗೆ ತಪ್ಪಿತು. ಹತ್ತನೆಯ ತರಗತಿಗೆ ಹೊರಟಿದ್ದ ಮೊಮ್ಮಗಳು ಪೂರ್ವಿಗೆ ಮೊದಲೂ ಅಂಥ ಕೆಲಸವೇನೂ ಇರಲಿಲ್ಲ, ಆದರೂ ಅವಳ ಫೋನಿಗೂ ಅದನ್ನು ಜೋಡಿಸಿದರು. ಐದೈದು ನಿಮಿಷಕ್ಕೊಮ್ಮೆ ಜಯವ್ವನ ರಕ್ತದಲ್ಲಿ ಸಕ್ಕರೆ ಎಷ್ಟಿದೆ ಎಂದು ಮೂವರ ಫೋನೂ ಹೇಳುತ್ತಿತ್ತು. ಗೊತ್ತಿದ್ದದ್ದನ್ನು ಮತ್ತೆ ಯಾರು ಕೇಳುತ್ತಾರೆ?

ಬಿಲ್ಲೆ ಎಂದರೆ ಹತ್ತು ರೂಪಾಯಿ ನಾಣ್ಯದಷ್ಟು ಅಗಲದ ಬಿಳಿಯ ಗುಂಡಿ. ಅದರ ಅಡಿಯಿಂದ ಕೂದಲಿನಂಥ ಒಂದು ತಂತು ಚರ್ಮದೊಳಕ್ಕೆ ಇಳಿದು ಕೂತಿರುತ್ತದೆ. ಹದಿನಾಲ್ಕು ದಿನ ಆದಮೇಲೆ ಕಿತ್ತು ಹೊಸದನ್ನು ಅಂಟಿಸಬೇಕು. ಸಕ್ಕರೆ ಎಪ್ಪತ್ತಕ್ಕಿಂತ ಕೆಳಗಿಳಿದರೆ ಮೂರೂ ಫೋನುಗಳು ಒಟ್ಟಿಗೆ ಕಿರುಚುತ್ತವೆ. ಡಬ್ಬಿಯ ಮೇಲೆ ಅದಕ್ಕೆ ಉದ್ದನೆಯ ಹೆಸರಿತ್ತು. ಬಿಲ್ಲೆ ಎಂದು ಕರೆದವಳು ಜಯವ್ವ, ಮನೆಯಲ್ಲಿ ಅದೇ ಉಳಿಯಿತು.

ಸುಮ್ಮನೆ ತಂದದ್ದಲ್ಲ. ಜನವರಿಯ ಒಂದು ಸೋಮವಾರ ಜಯವ್ವ ಬಚ್ಚಲುಮನೆಯಲ್ಲಿ ಎಚ್ಚರ ತಪ್ಪಿ ಬಿದ್ದಿದ್ದಳು. ಪಾತ್ರೆ ತಿಕ್ಕುವ ಕೆಲಸದಾಕೆ, ಮನೆಯವರು ಕರೆಯುವಂತೆ ಬಾಯಿ, ನೋಡಿದ್ದರಿಂದ ಉಳಿದಳು. ಮದುವೆಯಾದ ವರ್ಷದಿಂದ ಅವಳು ಸೋಮವಾರ ದೇವರ ವಾರವೆಂದು ಒಪ್ಪತ್ತು ಮಾಡುವವಳು. ಹಗಲೆಲ್ಲ ಏನೂ ಇಲ್ಲ, ಸಂಜೆ ಪೂಜೆಯಾದಮೇಲೆ ಒಂದೇ ಊಟ. ಅವತ್ತು ಬೆಳಿಗ್ಗೆ ಇನ್ಸುಲಿನ್ ಮಾತ್ರ ಎಂದಿನಂತೆ ಇಪ್ಪತ್ನಾಲ್ಕು ಪಾಯಿಂಟು ಚುಚ್ಚಿಕೊಂಡಿದ್ದಳು.

ಆಸ್ಪತ್ರೆಯಲ್ಲಿ ಎಚ್ಚರಾದಮೇಲೆ ಅವಳು ಕೊಟ್ಟ ಸಮಜಾಯಿಷಿ ಹೀಗಿತ್ತು: ‘ಇಂಜೆಕ್ಷನ್ ಅಂದ್ರ ಊಟಾ ಅಲ್ಲಲ್ಲ. ತೊಗೊಂಡ್ರ ವಾರಾ ಕೆಡೂದಿಲ್ಲ.’

‘ವಾರಾ ಕೆಡೂದಿಲ್ಲರಿ ಅತ್ತಿ, ನೀವು ಕೆಡ್ತೀರಿ,’ ಎಂದಳು ತೇಜಶ್ರೀ.

ತೇಜಶ್ರೀ ನಾಗಪುರದ ರಾಮದಾಸಪೇಠಿನ ಆ ಆಸ್ಪತ್ರೆಯಲ್ಲೇ ಬಿಲ್ಲಿಂಗ್ ಕೌಂಟರಿನಲ್ಲಿ ಕೆಲಸಕ್ಕಿದ್ದಳು. ಬಿಲ್ಲೆಯ ಸುದ್ದಿ ತಂದವಳು ಅವಳು, ಕಡಿಮೆ ಬೆಲೆಗೆ ಕೊಡಿಸಿದವಳೂ ಅವಳೇ. ಒಪ್ಪತ್ತನ್ನು ಬಿಡಿಸಲು ಅವಳಿಂದ ಆಗಲಿಲ್ಲ. ಕಡೆಗೆ ಸೋಮವಾರ ಮಧ್ಯಾಹ್ನ ಎರಡು ಬಾಳೆಹಣ್ಣು, ಒಂದು ಲೋಟ ಹಾಲು, ಇಂಜೆಕ್ಷನ್ ಅರ್ಧ ಎಂದು ಒಪ್ಪಂದವಾಯಿತು.

ಬೆಳಿಗ್ಗೆ ಒಂಬತ್ತೂಕಾಲಿಗೆಲ್ಲ ಲಕ್ಷ್ಮೀ ನಗರದ ಆ ನಾಲ್ಕನೆಯ ಮಹಡಿಯ ಮನೆ ಖಾಲಿಯಾಗುತ್ತಿತ್ತು. ಹತ್ತಕ್ಕೆ ಬಾಯಿ ಬರುತ್ತಾಳೆ, ಕಿವಿಗೆ ವೈರು ಸಿಕ್ಕಿಸಿಕೊಂಡು ತನ್ನ ತಂಗಿಯ ಸಂಗಡ ಮಾತಾಡುತ್ತಲೇ ಪಾತ್ರೆ ತಿಕ್ಕಿ, ನೆಲ ಒರೆಸಿ, ಹನ್ನೊಂದಕ್ಕೆ ಹೋಗುತ್ತಾಳೆ. ಆಮೇಲೆ ರಾತ್ರಿ ಎಂಟರ ತನಕ ಜಯವ್ವ ಮತ್ತು ಕೂಲರು. ಗಂಡ ಗುರುಶಾಂತಪ್ಪ ಸರ್ಕಾರಿ ಕಚೇರಿಯಲ್ಲಿದ್ದು ನಿವೃತ್ತನಾಗಿ, ತೀರಿಕೊಂಡು ಮೂರು ವರ್ಷವಾಗಿತ್ತು. ಸದರ್‌ ಬಡಾವಣೆಯ ಬಾಡಿಗೆ ಮನೆಯಲ್ಲಿದ್ದಾಗ ಗೋಡೆಯ ಆಚೆ ವಾಯುಸೇನೆಯ ಬೋಪಣ್ಣನವರ ಹೆಂಡತಿ ದೇಚಮ್ಮ ಇದ್ದಳು. ಅವಳ ಕೊಡಗಿನ ಕನ್ನಡಕ್ಕೂ ಇವಳ ಗದಗಿನ ಕನ್ನಡಕ್ಕೂ ದಿನವೂ ಜಗಳವಾಗಿ ದಿನವೂ ರಾಜಿಯಾಗುತ್ತಿತ್ತು. ಅವರಿಗೆ ವರ್ಗವಾಯಿತು. ನಲವತ್ತನಾಲ್ಕು ವರ್ಷ ನಾಗಪುರದಲ್ಲಿದ್ದ ಜಯವ್ವನಿಗೆ ಮರಾಠಿ ಚೆನ್ನಾಗಿ ಬರುತ್ತಿತ್ತು. ಮಾತು ಬಾರದೆ ಒಂಟಿಯಾದವಳಲ್ಲ ಅವಳು, ಮಾತಾಡಿಸುವವರಿಲ್ಲದೆ ಆದವಳು.

ಎಂಟಕ್ಕೆ ಬಂದವರಾದರೂ ಏನು ಮಾಡಿಯಾರು? ತೇಜಶ್ರೀ ಬ್ಯಾಗನ್ನು ಕುರ್ಚಿಗೆ ಎಸೆದು ನೇರ ಒಲೆಯ ಮುಂದೆ ನಿಲ್ಲುತ್ತಾಳೆ. ಪೂರ್ವಿ ಟ್ಯೂಷನ್ ಮುಗಿಸಿ ಬಂದು ಕೋಣೆ ಸೇರುತ್ತಾಳೆ. ಕೇದಾರನಾಥ ರೊಟ್ಟಿ ಮುರಿಯುತ್ತಾ ಫೋನ್ ನೋಡಿ, ‘ನೂರಾ ನಲವತ್ತು. ಚಲೋ ಐತಿ,’ ಎನ್ನುತ್ತಾನೆ. ಅದು ತಾಯಿಗೆ ಹೇಳಿದ್ದೋ ತನಗೇ ಹೇಳಿಕೊಂಡದ್ದೋ ತಿಳಿಯುವುದಿಲ್ಲ.

ಬಿಲ್ಲೆ ಬಂದ ಎರಡನೆಯ ಸೋಮವಾರ ಅದು ಕೊಟ್ಟ ದುಡ್ಡಿಗೆ ಕೆಲಸ ಮಾಡಿ ತೋರಿಸಿತು. ಜಯವ್ವ ಬಾಳೆಹಣ್ಣನ್ನು ದೇವರ ಮುಂದಿಟ್ಟು ಪೂಜೆ ಉದ್ದ ಮಾಡಿ, ತಿನ್ನುವುದನ್ನು ಮರೆತು ಕೂತಿದ್ದಳು. ಹನ್ನೆರಡೂ ಮುಕ್ಕಾಲಿಗೆ ಅವಳ ಫೋನು ಬಡಿದುಕೊಂಡಿತು.

‘ಅವ್ವಾ, ಎಲ್ಲಿ ಅದೀ? ಐವತ್ತೆಂಟು ತೋರಸಾಕತ್ತೈತಿ. ಸಕ್ಕರಿ ನೀರು ಕುಡಿ, ಜಲ್ದಿ.’

‘ಕೈ ನಡಗಾಕತ್ತಾವೋ ಕೇದಾರಿ.’

‘ಫೋನ್ ಹಿಡಕೊಂಡ ಅಡಗಿಮನಿಗೆ ಹೋಗು. ಹಾಂ. ಕುಡಿ. ಕುಂದ್ರು ಅಲ್ಲೆ ನೆಲದ ಮ್ಯಾಲ. ಈಗ ಏನರ ಮಾತಾಡು ನನ್ನ ಜೋಡಿ. ನಿನ್ನ ದನಿ ನನಗ ಕೇಳಸ್ತಿರಬೇಕು.’

‘ಏನ್ ಮಾತಾಡ್ಲಿ?’

‘ಏನರ.’

ಜಯವ್ವ ಮಾತಾಡಿದಳು. ಮೊದಲ ಸಲ ನಾಗಪುರಕ್ಕೆ ಬರುವಾಗ ವಾಡಿ ಸ್ಟೇಷನ್ನಿನಲ್ಲಿ ಗುರುಶಾಂತಪ್ಪ ನೀರು ತರಲು ಇಳಿದದ್ದು, ಅವನು ನಲ್ಲಿಯ ಮುಂದೆ ಇರುವಾಗಲೇ ಗಾಡಿ ಬಿಟ್ಟದ್ದು, ಏಳು ತಿಂಗಳ ಬಸುರಿಯಾದ ತಾನು ಟ್ರಂಕಿನ ಮೇಲೆ ಕೂತು ಒಬ್ಬಳೇ ಅತ್ತದ್ದು.

‘ನಾ ಹೊಟ್ಟ್ಯಾಗ ಇದ್ನೆ?’ ಎಂದು ಕೇದಾರನಾಥ ಕೇಳಿದ. ನಲವತ್ತಮೂರು ವರ್ಷದಲ್ಲಿ ಅವನು ಈ ಕಥೆ ಕೇಳಿರಲಿಲ್ಲ.

‘ನೀನ ಇದ್ದಿ. ಒದಿಯಾಕತ್ತಿದ್ದಿ.’

‘ಮುಂದ ಏನಾತು?’ ಎಂದವನು ಮರುಕ್ಷಣವೇ, ‘ತೊಂಬತ್ತೆರಡಕ್ಕ ಬಂತು ನೋಡು. ಸಾಕು, ಗಂಡಾಂತರ ತಪ್ಪಿತು. ಬಾಳೆಹಣ್ಣು ತಿನ್ನು. ಇಡತೀನಿ,’ ಎಂದ.

ಹನ್ನೊಂದು ನಿಮಿಷವಾಗಿತ್ತು. ಸಂಜೆ ಅವನು ಬಂದಾಗ ಮಿಕ್ಕ ಕಥೆ ಕೇಳುತ್ತಾನೆಂದು ಜಯವ್ವ ಅಡುಗೆಮನೆಯ ಬಾಗಿಲಲ್ಲೇ ಕೂತಿದ್ದಳು. ಅವನು ಫೋನ್ ನೋಡಿದ. ನೂರಾ ಮೂವತ್ತಿತ್ತು.

ಮಾರ್ಚಿನ ಕೊನೆಗೆ ಒಂದು ಮಧ್ಯಾಹ್ನ ಜಯವ್ವ ಮಲಗಿದ್ದಾಗ ಫೋನುಗಳು ಮತ್ತೆ ಕಿರುಚಿದವು. ಪರೀಕ್ಷೆ ಮುಗಿಸಿ ಮನೆಯಲ್ಲಿದ್ದ ಪೂರ್ವಿ ಓಡಿ ಬಂದಳು. ಅಜ್ಜಿ ಎದ್ದು ಕೂತು, ‘ನನಗ ಏನೂ ಆಗಿಲ್ಲವಾ,’ ಎಂದಳು. ಪೂರ್ವಿ ಬೆರಳು ಚುಚ್ಚಿ ನೋಡಿದರೆ ನೂರಾ ಮೂವತ್ತಾರು.

‘ಅಜ್ಜಿ, ಆ ಸೈಡಿಗೆ ಝೋಪೂ ನಕೋ,’ ಎಂದಳು ಪೂರ್ವಿ, ಎಡಮಗ್ಗುಲಿಗೆ ಮಲಗಬೇಡ ಎನ್ನುವಂತೆ. ಅವಳ ಕನ್ನಡ ಅರ್ಧ ದಾರಿಗೆ ಬಂದು ಮರಾಠಿಗೆ ಹೊರಳಿಬಿಡುತ್ತಿತ್ತು. ‘ಬಿಲ್ಲೆ ಒತ್ತಿದ್ರ ನಂಬರ್ ಸುಳ್ಳ ಬರ್ತೈತಿ. ಕಡಿಮಿ ತೋರಸ್ತೈತಿ.’

‘ಯಾರಂದ್ರು?’

‘ಡಬ್ಬಿಯೊಳಗಿನ ಕಾಗದದಾಗ ಬರದೈತಿ. ಕೋಣೀ ವಾಚತಚ್ ನಾಹೀ.’ ಯಾರೂ ಓದುವುದೇ ಇಲ್ಲ ಎಂದು ಗೊಣಗಿ ಅವಳು ಕೋಣೆಗೆ ಹೋದಳು.

ಆ ಮಾತನ್ನು ಜಯವ್ವ ಎರಡು ದಿನ ಮನಸ್ಸಿನಲ್ಲೇ ಇಟ್ಟುಕೊಂಡಿದ್ದಳು. ಮೂರನೆಯ ದಿನ ಪೂರ್ವಿ ಟ್ಯೂಷನ್ನಿಗೆ ಹೋದಮೇಲೆ ಮನೆ ಎಷ್ಟು ಸುಮ್ಮನಾಯಿತೆಂದರೆ, ಕೂಲರಿನ ನೀರು ಮುಗಿದು ಅದರ ಸದ್ದು ಬದಲಾದದ್ದೂ ಕೇಳಿಸಿತು. ಅವಳು ಹಾಸಿಗೆಗೆ ಹೋಗಿ ಎಡಮಗ್ಗುಲಾಗಿ ಮಲಗಿದಳು. ಇದು ಮೋಸ ಎಂದು ಅವಳಿಗೆ ಗೊತ್ತಿತ್ತು. ತನ್ನ ಮಗನ ಸಂಗಡ ಮಾತಾಡಲು ತಾನು ಮೋಸ ಮಾಡಬೇಕಾಯಿತಲ್ಲ ಎಂದು ನಾಚಿಕೆಯೂ ಆಯಿತು. ಆದರೂ ಮಗ್ಗುಲು ಬದಲಿಸಲಿಲ್ಲ. ಇಪ್ಪತ್ತು ನಿಮಿಷಕ್ಕೆ ಫೋನ್ ಬಂತು.

‘ಅವ್ವಾ, ಅರವತ್ತಾರು. ಬೆರಳು ಚುಚ್ಚಿ ನೋಡಿದಿ?’

‘ನೋಡಿದೆ. ಅಷ್ಟ ಐತಿ.’

‘ಸಕ್ಕರಿ ತಿನ್ನು. ಮಾತಾಡ್ತಿರು.’

ಸಕ್ಕರೆ ತಿನ್ನಲಿಲ್ಲ. ಬೆನ್ನ ಮೇಲೆ ಹೊರಳಿ, ವಾಡಿ ಸ್ಟೇಷನ್ನಿನ ಮಿಕ್ಕ ಕಥೆ ಹೇಳಿದಳು. ಗುರುಶಾಂತಪ್ಪ ಮುಂದಿನ ಗಾಡಿ ಹಿಡಿದು ಬಂದು, ನಾಗಪುರದ ಪ್ಲಾಟ್‌ಫಾರ್ಮಿನಲ್ಲಿ ಕಾಯುತ್ತಿದ್ದ ಅವಳ ಮುಂದೆ ಕೈಯಲ್ಲಿ ಅದೇ ನೀರಿನ ತಂಬಿಗೆ ಹಿಡಿದು ನಿಂತನಂತೆ. ‘ಹೂಂ, ಎಪ್ಪತ್ತೆಂಟು,’ ಎಂದ ಕೇದಾರನಾಥ. ‘ಹೂಂ, ತೊಂಬತ್ತು.’ ಕಥೆ ಪೂರಾ ಕಿವಿಗೆ ಬಿತ್ತೋ ಇಲ್ಲವೋ, ದನಿಯಂತೂ ಹತ್ತಿರವಿತ್ತು.

ಅಲ್ಲಿಂದ ಮುಂದೆ ವಾರಕ್ಕೆ ನಾಲ್ಕು ದಿನವಾದರೂ ಹೀಗಾಯಿತು. ಅವನಿಗೆ ಊಟದ ಬಿಡುವಿರುವ ಮೂರು ಗಂಟೆಯನ್ನೇ ಜಯವ್ವ ಆರಿಸಿಕೊಂಡಳು. ಮೋಸಕ್ಕೂ ಒಂದು ಮರ್ಯಾದೆ ಬೇಕಲ್ಲ. ಭಾನುವಾರ ಎಲ್ಲರೂ ಮನೆಯಲ್ಲಿರುವುದರಿಂದ ಅಗತ್ಯವಿರಲಿಲ್ಲ. ಸೋಮವಾರ ಮಾತ್ರ ಎಷ್ಟೇ ಬೇಸರವಾದರೂ ಬಲಮಗ್ಗುಲಾಗಿಯೇ ಮಲಗುತ್ತಿದ್ದಳು. ವಾರದ ದಿನ ಸುಳ್ಳಾಡಬಾರದು.

ಎರಡನೆಯ ಬಿಲ್ಲೆ ಮುಗಿದು ಮೂರನೆಯದು ಬಂತು. ಏಪ್ರಿಲ್ ಎರಡನೆಯ ಶನಿವಾರ ಕೇದಾರನಾಥ ತಾಯಿಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ದೇಶಮುಖ ಡಾಕ್ಟರ ಹತ್ತಿರ ಕರೆದೊಯ್ದ. ಡಾಕ್ಟರು ಕಂಪ್ಯೂಟರಿನಲ್ಲಿ ಗೆರೆಗಳನ್ನು ನೋಡಿದರು. ಮಧ್ಯಾಹ್ನದಲ್ಲಿ ಮೇಲಿಂದ ಮೇಲೆ ಹಳ್ಳ.

‘ಹೀ ಚಾಂಗಲೀ ಗೋಷ್ಟ ನಾಹೀ,’ ಎಂದರು. ಇದು ಒಳ್ಳೆಯದಲ್ಲ, ಈ ವಯಸ್ಸಿನಲ್ಲಿ ಸಕ್ಕರೆ ಏರುವುದಕ್ಕಿಂತ ಇಳಿಯುವುದೇ ಅಪಾಯ ಎಂದು ವಿವರಿಸಿದರು. ‘ಬೆರಳು ಚುಚ್ಚಿ ಖಾತ್ರಿ ಮಾಡಿಕೊಂಡಿದ್ದೀರಾ?’

‘ದಿನಾ ಮಾಡತಾಳ್ರಿ,’ ಎಂದು ಕೇದಾರನಾಥ ಮರಾಠಿಯಲ್ಲಿ ಹೇಳಿದ. ‘ಮಷೀನಿನ ಕೆಲಸಾನ ನಂದು ಡಾಕ್ಟರ್. ಬರೋಬರ್ ಐತಿ.’

ಅವನ ಕೆಲಸ ಅಂಥದ್ದೇ ನಿಜ. ಊರಿನ ಗಾಳಿಯಲ್ಲಿ ಧೂಳು, ಹೊಗೆ ಎಷ್ಟಿದೆ ಎಂದು ಅಳೆಯುವ ಟಿಫಿನ್ ಡಬ್ಬಿಯಷ್ಟಿನ ಪೆಟ್ಟಿಗೆಗಳನ್ನು ಕಂಬಗಳಿಗೆ ಕೂರಿಸಿ ನೋಡಿಕೊಳ್ಳುವ ಒಂದು ಕಂಪನಿಯಲ್ಲಿ ಅವನು ಟೆಕ್ನೀಷಿಯನ್. ಆ ಪೆಟ್ಟಿಗೆಗಳ ಒಳಗೂ ಅಕ್ಕಿಕಾಳಿನಷ್ಟು ಸಣ್ಣ ಸೆನ್ಸರುಗಳೇ.

ಡಾಕ್ಟರು ಬೆಳಗಿನ ಇಪ್ಪತ್ನಾಲ್ಕನ್ನು ಹದಿನಾರಕ್ಕೆ ಇಳಿಸಿ ಬರೆದರು. ಒಂದು ತಿಂಗಳು ಬಿಟ್ಟು ಬನ್ನಿ, ಆಗಲೂ ಹೀಗೇ ಇದ್ದರೆ ಬೆಳಗಿನದನ್ನು ಪೂರ್ತಿ ನಿಲ್ಲಿಸೋಣ ಎಂದರು.

ಜಯವ್ವ ಬಾಯಿ ತೆರೆದಳು. ಮಗನ ಮುಖ ನೋಡಿದಳು. ಅವನು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಡುತ್ತಿದ್ದ. ಅವಳು ಬಾಯಿ ಮುಚ್ಚಿದಳು. ಇಷ್ಟು ದಿನ ಯಾರಿಗೂ ನಷ್ಟವಿಲ್ಲದ ಸುಳ್ಳಾಗಿತ್ತು, ಇವತ್ತು ಅದು ಚೀಟಿಗೆ ಏರಿತು. ಮರಳಿ ಬರುವಾಗ ಸ್ಕೂಟರಿನ ಮೇಲೆ ಎರಡು ಸಲ ‘ಕೇದಾರಿ’ ಎಂದಳು. ಟ್ರಾಫಿಕ್ಕಿನಲ್ಲಿ ಅವನಿಗೆ ಕೇಳಲಿಲ್ಲ.

ಎಂಟು ದಿನದಲ್ಲಿ ಸಕ್ಕರೆ ಏರಲು ಸುರುವಾಯಿತು. ರಾತ್ರಿ ಮೂರು ಸಲ ಎದ್ದು ಬಚ್ಚಲಿಗೆ, ಎದ್ದಾಗಲೆಲ್ಲ ನೀರು. ಏಪ್ರಿಲ್ ಕೊನೆಗೆ ಉರಿಬಿಸಿಲಲ್ಲಿ ಅವಳು ಟೆರೇಸಿನ ಮೇಲೆ ಸಂಡಿಗೆ ಹಾಕಿದಳು. ಅನ್ನದ ಹತ್ತಿರ ಚಪ್ಪಲಿ ಮೆಟ್ಟುವ ರೂಢಿ ಅವಳ ತವರಲ್ಲೂ ಇರಲಿಲ್ಲ, ಗಂಡನ ಮನೆಯಲ್ಲೂ ಇರಲಿಲ್ಲ. ಬರಿಗಾಲಲ್ಲಿ ಹೋಗಿ ಬಂದಳು. ಸಕ್ಕರೆ ಕಾಯಿಲೆಯಿಂದ ಜೋಮು ಹಿಡಿದ ಅಂಗಾಲು ಸುಟ್ಟದ್ದೇ ತಿಳಿಯಲಿಲ್ಲ. ಮರುದಿನ ಬಾಯಿ ನೆಲದ ಮೇಲೆ ತೇವದ ಕಲೆ ನೋಡಿ ಹೇಳಿದಾಗ, ಬಲಗಾಲಿನ ಅಡಿ ಬೊಕ್ಕೆ ಎದ್ದು ಒಡೆದಿತ್ತು. ಅವಳು ಅದಕ್ಕೆ ಅರಿಸಿನ ಹಚ್ಚಿ ಹಳೆ ಸೀರೆಯ ಚೂರು ಸುತ್ತಿದಳು. ಯಾರಿಗೂ ಹೇಳಲಿಲ್ಲ.

ಆ ವಾರ ಒಂದು ಸಂಜೆ ಊಟಕ್ಕೆ ಕೂತಾಗ ಮೂರು ಫೋನುಗಳೂ ಬೇರೆಯೇ ರಾಗದಲ್ಲಿ ಕೂಗಿದವು. ಇನ್ನೂರಾ ತೊಂಬತ್ತು. ತೇಜಶ್ರೀ ತಟ್ಟೆ ಬಿಟ್ಟು ಎದ್ದು ಫ್ರಿಜ್ ತೆಗೆದಳು.

‘ಸಂತ್ರಾ ಬರ್ಫಿ ಪೂರಾ ಡಬ್ಬಿ ಇತ್ತು. ನಾಕ್ ತುಂಡ ಇಲ್ಲ. ಅತ್ತಿ, ನೀವು ತಿಂದೀರೇನ್ರಿ?’

‘ನಾ ಮುಟ್ಟಿಲ್ಲವಾ.’

‘ಮುಟ್ಟಲಾರದ ಇನ್ನೂರಾ ತೊಂಬತ್ತು ಆಕ್ಕೈತೇನ್ರಿ? ಯಾರ ಸಲುವಾಗಿ ನಾವು ಇಷ್ಟೆಲ್ಲಾ ಮಾಡಾಕತ್ತೀವಿ?’

‘ಬರ್ಫಿ ಮೀ ಖಾಲ್ಲೀ,’ ಎಂದು ಪೂರ್ವಿ ಒಳಗಿನಿಂದ ಕೂಗಿದಳು. ‘ನಾ ತಿಂದೆ. ಅಜ್ಜಿಗೆ ಕಶಾಲಾ ಬೋಲತೇಸ್? ಯಾಕ ಬೈತಿ?’

ತೇಜಶ್ರೀ ಫ್ರಿಜ್ಜಿನ ಬಾಗಿಲು ಮುಚ್ಚಿದಳು. ಆದರೆ ಸಿಟ್ಟು ಹತ್ತಿದ ಮೇಲೆ ಇಳಿಯಲು ಮೆಟ್ಟಿಲು ಬೇಕು, ಅದು ಸಿಗಲಿಲ್ಲ. ‘ಬರ್ಫಿ ಅಲ್ಲ ಅಂದ್ರ ಮತ್ತೇನರ ತಿಂದಾರ. ಫೋನ್ ಸುಳ್ಳ ಹೇಳತೈತೇನು?’

‘ಫೋನ್ ಸುಳ್ಳ ಹೇಳೂದಿಲ್ಲವ್ವಾ,’ ಎಂದ ಕೇದಾರನಾಥ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿಕೊಳ್ಳುತ್ತಾ. ‘ಖರೇ ಹೇಳು. ಮಾವಿನಹಣ್ಣ ತಿಂದಿ?’

ಫೋನು ಸುಳ್ಳು ಹೇಳಬಲ್ಲದು ಎಂದು ಆ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಎದ್ದಳು. ಕುಂಟುವುದು ಕಾಣಬಾರದೆಂದು ಗೋಡೆ ಹಿಡಿದು ನಡೆದಳು. ಇವತ್ತೇ ಹೇಳಿಬಿಡಬೇಕು ಎಂದು ಹಾಸಿಗೆಯ ಮೇಲೆ ಕೂತು ಯೋಚಿಸಿದಳು. ಹೇಳಿದರೆ ಇನ್ಸುಲಿನ್ ಮೊದಲಿನಷ್ಟಾಗುತ್ತದೆ, ಕಾಲು ಮಾಯುತ್ತದೆ, ಮೂರು ಗಂಟೆಯ ಮಾತು ನಿಲ್ಲುತ್ತದೆ. ಅದು ಹೋಗಲಿ ಎಂದರೂ, ಏನೆಂದು ಹೇಳುವುದು? ಅವಳಿಗೆ ಶಬ್ದವೇ ಸಿಗಲಿಲ್ಲ. ಮರುದಿನ ಮಧ್ಯಾಹ್ನ ಮತ್ತೆ ಎಡಮಗ್ಗುಲಾದಳು. ಈಗ ಸಕ್ಕರೆ ಮೇಲಿದ್ದುದರಿಂದ ಬಹಳ ಹೊತ್ತು ಹಿಡಿಯಿತು. ತೋಳಿನ ಕೆಳಗೆ ಟವೆಲು ಮಡಿಸಿ ಇಟ್ಟುಕೊಳ್ಳಬೇಕಾಯಿತು.

ಮೇ ತಿಂಗಳ ಮೊದಲ ವಾರ ಕೇದಾರನಾಥನಿಗೆ ಕಂಪನಿಯಲ್ಲಿ ಒಂದು ತಕರಾರು ಬಂತು. ವರ್ಧಾ ರಸ್ತೆಯ ಆಚೆ ಒಂದು ದೊಡ್ಡ ಕಟ್ಟಡ ಏಳುತ್ತಿತ್ತು. ಅಲ್ಲಿ ಕಣ್ಣು ಬಿಡಲಾಗದಷ್ಟು ಧೂಳೆಂದು ಜನ ದೂರು ಕೊಟ್ಟರೆ, ಅವನ ಪೆಟ್ಟಿಗೆ ಮಾತ್ರ ಗಾಳಿ ಚೊಕ್ಕವಾಗಿದೆ ಎನ್ನುತ್ತಿತ್ತು. ಅವನು ಬಿಸಿಲಲ್ಲಿ ಹೋಗಿ ಕಂಬದ ಕೆಳಗೆ ಕಾದ. ಹತ್ತೂವರೆಗೆ ನೀರಿನ ಟ್ಯಾಂಕರು ಬಂತು. ಚಾಲಕ ಬಾಬು ಇಳಿದು ಪೈಪು ಹಿಡಿದು ಕಂಬದ ಸುತ್ತ ಮಾತ್ರ ನೀರು ಚಿಮುಕಿಸಿದ. ನೂರು ಹೆಜ್ಜೆಯಾಚೆ ಧೂಳು ಹಾಗೇ ಏಳುತ್ತಿತ್ತು.

‘ದಿನಾ ಹಿಂಗ ಹಾಕ್ತೀಯಾ?’ ಎಂದು ಹಿಂದಿಯಲ್ಲಿ ಕೇಳಿದ.

‘ಇಲ್ಲ ಸಾಬ್,’ ಎಂದ ಬಾಬು. ‘ಭಾನುವಾರ ರಜೆ.’

ಕೇದಾರನಾಥ ಫೋನಿನಲ್ಲಿ ಪೆಟ್ಟಿಗೆಯ ಗೆರೆ ತೆಗೆದ. ದಿನವೂ ಹತ್ತೂವರೆಗೆ ಕಲ್ಲು ಬಾವಿಗೆ ಬಿದ್ದಂತೆ ನೆಟ್ಟಗೆ ಇಳಿತ, ಭಾನುವಾರ ಇಲ್ಲ. ಅವನಿಗೆ ಸಿಟ್ಟು ಬಂತು. ಧೂಳು ಹೀಗೆ ಇಳಿಯುವುದಿಲ್ಲ, ಕೈಯಾಡಿಸಿದರೆ ಮಾತ್ರ ಇಳಿಯುತ್ತದೆ ಎಂದು ಸಾಹೇಬರಿಗೆ ಬರೆಯಬೇಕೆಂದು ನೆರಳಿಗೆ ಹೋಗಿ ನಿಂತ. ಬರೆದು, ಮಿಕ್ಕ ಕಂಬಗಳನ್ನು ನೋಡಿ ಮುಗಿಸುವಷ್ಟರಲ್ಲಿ ಎರಡು ಗಂಟೆ ದಾಟಿ ತಾಯಿಯ ಅಂಕಿ ನೋಡುವ ಹೊತ್ತಾಗಿತ್ತು. ಅಭ್ಯಾಸಬಲದಿಂದ ಅದನ್ನೂ ತೆಗೆದ. ಒಂದು ತಿಂಗಳ ಗೆರೆ ಒಟ್ಟಿಗೆ ಕಂಡಿತು.

ಮೂರು ಗಂಟೆಗೆ ಕಲ್ಲು ಬಾವಿಗೆ ಬಿದ್ದಿತ್ತು. ಭಾನುವಾರ ಇಲ್ಲ. ಸೋಮವಾರವೂ ಇಲ್ಲ.

ಸೋಮವಾರ ಅವ್ವ ಎರಡು ಬಾಳೆಹಣ್ಣಿನ ಮೇಲೆ ಇರುತ್ತಾಳೆ. ಉಂಡ ದಿನ ಬೀಳುವ ಸಕ್ಕರೆ ಉಪವಾಸದ ದಿನ ಯಾಕೆ ಬೀಳುವುದಿಲ್ಲ? ಎರಡು ಸಲ ನೋಡಿದ. ಊಟದ ಡಬ್ಬಿ ಬಿಚ್ಚದೆ ಸ್ಕೂಟರ್ ಹತ್ತಿದ.

ತನ್ನ ಕೀಲಿಯಿಂದ ಬಾಗಿಲು ತೆಗೆದು ಒಳಗೆ ಬಂದಾಗ ಮೂರಕ್ಕೆ ಐದು ನಿಮಿಷವಿತ್ತು. ಕೂಲರಿನ ಸದ್ದಿಗೆ ಜಯವ್ವನಿಗೆ ಕೇಳಿಸಲಿಲ್ಲ. ಅವಳ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅವಳು ಬೆನ್ನು ಮಾಡಿ ಎಡಮಗ್ಗುಲಾಗಿ ಮಲಗಿದ್ದಳು. ತೋಳಿನ ಕೆಳಗೆ ಮಡಿಸಿದ ಟವೆಲು, ತಲೆದಿಂಬಿನ ಮೇಲೆ ಮುಖದ ಮುಂದೆ ಫೋನು. ಅವಳು ನಿದ್ದೆ ಮಾಡುತ್ತಿರಲಿಲ್ಲ. ಎರಡು ಸಲ ಬೆರಳಿನಿಂದ ಫೋನು ಮುಟ್ಟಿ, ಬೆಳಕು ಮಾಡಿ ನೋಡಿದಳು. ಬಲಗಾಲಿಗೆ ಅರಿಸಿನ ಹತ್ತಿದ ಬಟ್ಟೆ ಸುತ್ತಿತ್ತು. ಅದನ್ನು ಅವನು ಮೊದಲ ಸಲ ನೋಡಿದ.

ಹಾಗೇ ನಿಂತಿದ್ದಾಗ ಅವನ ಜೇಬಿನಲ್ಲೇ ಫೋನು ಕಿರುಚಿತು.

ಜಯವ್ವ ತಿರುಗಲಿಲ್ಲ. ಗಂಟೆ ತನ್ನ ಮನೆಯೊಳಗೇ, ತನ್ನ ಬೆನ್ನ ಹಿಂದೆಯೇ ಆಗುತ್ತಿದೆ ಎಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ನಿಧಾನಕ್ಕೆ ಎದ್ದು ಕೂತು, ಟವೆಲನ್ನು ತೊಡೆಯ ಮೇಲೆ ಎಳೆದುಕೊಂಡಳು.

‘ಎಷ್ಟೊತ್ತಾತು ಬಂದು?’

‘ಈಗ ಬಂದೆ.’ ಅವನು ಫೋನಿನ ಬಾಯಿ ಮುಚ್ಚಿಸಿದ. ‘ಎಷ್ಟ ದಿನದಿಂದ ಅವ್ವಾ ಇದು?’

‘ಪೂರ್ವಿ ಪರೀಕ್ಷಾ ಮುಗದಾಗಿಂದ.’

‘ಡಾಕ್ಟರ್ ಇನ್ಸುಲಿನ್ ಕಡಿಮಿ ಮಾಡಿದ್ರಲ್ಲ. ಅಲ್ಲೇ ಕುಂತಿದ್ದಿ. ಆವಾಗರ ಹೇಳಬೇಕಿಲ್ಲೇನು?’

‘ಏನಂತ ಹೇಳ್ಲಿ?’ ಜಯವ್ವನ ದನಿ ಏರಲಿಲ್ಲ. ‘ಮಗಾ ಮಾತಾಡಸಲಿ ಅಂತ ತೋಳು ಒತ್ತಿಕೊಂಡೆ ಅಂತ ಡಾಕ್ಟರ್ ಮುಂದ ಹೇಳ್ಲೇನು?’

‘ಮಾತಾಡಬೇಕು ಅಂದ್ರ ನೀನ ಫೋನ್ ಹಚ್ಚಬೇಕು. ನಾ ಬ್ಯಾಡ ಅಂತಿದ್ನೇನು?’

‘ಹಚ್ಚಿದ್ದೆ. ಬಿಲ್ಲೆ ಬರೂಕಿಂತ ಮದಲು. ಏನವ್ವಾ ಅರ್ಜಂಟ್ ಐತೇನು ಅಂತ ಕೇಳ್ತಿದ್ದಿ. ಅರ್ಜಂಟ್ ಏನಿರ್ತೈತೋ ನನಗ.’

ಅವನು ಬಾಗಿಲಿನ ಚೌಕಟ್ಟಿಗೆ ಒರಗಿದ. ಬೆಳಿಗ್ಗೆ ಬಾಬುವಿನ ಮೇಲೆ ಬಂದ ಸಿಟ್ಟು ಇಲ್ಲಿ ಎಲ್ಲಿ ಹುಡುಕಿದರೂ ಸಿಗಲಿಲ್ಲ. ಸಿಕ್ಕದ್ದು ಬರೀ ನಾಚಿಕೆ.

‘ಕಾಲು ತೋರಸು,’ ಎಂದ.

ಗಾಯ ಒಳಗೆ ಇಳಿದಿತ್ತು. ಅಂದೇ ಸಂಜೆ ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರು ಗಾಯ ತೊಳೆದು, ಇನ್ನೊಂದು ವಾರ ಬಿಟ್ಟು ಬಂದಿದ್ದರೆ ಕಾಲಿನ ಒಂದು ಬೆರಳನ್ನಾದರೂ ತೆಗೆಯಬೇಕಾಗುತ್ತಿತ್ತು ಎಂದರು. ಕೇದಾರನಾಥ ತಾಯಿಯ ಕಡೆ ನೋಡದೆ, ಆಕೆ ಆ ಮಗ್ಗುಲಿಗೇ ಮಲಗುತ್ತಿದ್ದಳು, ಬಿಲ್ಲೆ ಒತ್ತಿ ತಪ್ಪು ಅಂಕಿ ಬಂದಿದೆ, ಬೆರಳು ಚುಚ್ಚುವುದನ್ನು ನಾನೇ ಖಾತ್ರಿ ಮಾಡಿಕೊಳ್ಳದೆ ಹೇಳಿದೆ, ತಪ್ಪು ನನ್ನದು ಎಂದ. ಇಪ್ಪತ್ನಾಲ್ಕು ಮತ್ತೆ ಚೀಟಿಗೆ ಬಂತು. ಹೊಸ ಬಿಲ್ಲೆಯನ್ನು ಬಲತೋಳಿಗೆ ಹಾಕಿದರು. ಅಂಕಿ ಕಡಿಮೆ ಬಂದಾಗಲೆಲ್ಲ ಮನೆಯವರು ಮೀಟರಿನ ಚಿತ್ರ ತರಿಸಿ ನೋಡಬೇಕೆಂದು ತಾಕೀತಾಯಿತು.

ಮನೆಗೆ ಬಂದು ಅಡುಗೆಮನೆಯಲ್ಲಿ ತೇಜಶ್ರೀ ಹಿಟ್ಟು ನಾದುತ್ತಾ ತಗ್ಗಿದ ದನಿಯಲ್ಲಿ ಹೇಳಿದಳು: ‘ಮಗ್ಗಲಾಗಿ ಮಲಗಿದ್ದು ಅಂತ ನನ್ನ ಮುಂದೂ ಹೇಳಬ್ಯಾಡ್ರಿ. ನಿನ್ನೆ ಚುಚ್ಚೂ ಮಷೀನ್ ತಗದು ನೋಡೀನಿ. ಒಂದ ತಿಂಗಳಿಂದ ಅದರಾಗ ಒಂದೂ ನಂಬರ್ ಇಲ್ಲ.’

‘ನಿನ್ನೇನ ಗೊತ್ತಿತ್ತು?’

‘ಗೊತ್ತಿತ್ತು. ಹೆಂಗ ಕೇಳೂದು ಅಂತ ಸುಮ್ಮನ ಇದ್ದೆ.’ ಅವಳು ಹಿಟ್ಟಿನ ಮೇಲೆ ನೀರು ಚಿಮುಕಿಸಿದಳು. ‘ಆ ಗಂಟಿ ನನ್ನ ಫೋನಿಗೂ ಬರ್ತಿತ್ತಲ್ರಿ. ದಿನಾ. ನಾ ಒಂದ ದಿನರ ಹಚ್ಚಿದ್ನೇನು? ನೀವು ಹಚ್ಚತೀರಿ ಅಂತ ಬಿಟ್ಟೆ. ಬರ್ಫಿ ಸಲುವಾಗಿ ಮಾತ್ರ ಜಗಳಾ ಮಾಡಿದೆ.’

ಅವಳ ಕಣ್ಣಲ್ಲಿ ನೀರಿತ್ತು. ಕೈ ಹಿಟ್ಟಾಗಿದ್ದರಿಂದ ಭುಜಕ್ಕೆ ಒರೆಸಿಕೊಂಡಳು. ರಾತ್ರಿ ಅತ್ತೆಗೆ ತಟ್ಟೆ ತಂದುಕೊಟ್ಟು ಕಾಲಿನ ಪಟ್ಟಿ ತಾನೇ ಬದಲಿಸಿದಳು.

ಹತ್ತು ದಿನದಲ್ಲಿ ಸಕ್ಕರೆ ಹದಕ್ಕೆ ಬಂತು. ಗೆರೆ ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯತೊಡಗಿತು. ಮೂರು ಗಂಟೆಗೆ ಯಾವ ಫೋನೂ ಕಿರುಚಲಿಲ್ಲ. ಮೊದಲ ಕೆಲವು ದಿನ ಕೇದಾರನಾಥ ರಜೆ ಹಾಕಿ ಮನೆಯಲ್ಲಿದ್ದ. ಕೆಲಸಕ್ಕೆ ಹೋದ ದಿನ ಮೂರಕ್ಕೆ ಕಂಬದ ನೆರಳಲ್ಲಿ ನಿಂತು, ಗಂಟೆಯಿಲ್ಲದೆಯೇ ತಾಯಿಗೆ ಫೋನ್ ಹಚ್ಚಿದ.

‘ಊಟಾ ಆತೇನವ್ವಾ?’

‘ಆತು.’

‘ಗುಳಿಗಿ?’

‘ತೊಗೊಂಡೆ.’

‘ಕಾಲು?’

‘ಮಾಯಾಕತ್ತೈತಿ.’

ಅಲ್ಲಿಗೆ ಪ್ರಶ್ನೆಗಳು ಮುಗಿದವು. ಅರವತ್ತಾರು, ಎಪ್ಪತ್ತೆಂಟು, ತೊಂಬತ್ತು ಎನ್ನುತ್ತಾ ಅಷ್ಟು ಹೊತ್ತು ಮಾತಾಡಿಸಿದವನಿಗೆ, ನಲವತ್ತಮೂರು ವರ್ಷ ಒಂದೇ ಸೂರಿನಡಿ ಇದ್ದ ತಾಯಿಯನ್ನು ಕೇಳಲು ನಾಲ್ಕನೆಯ ಪ್ರಶ್ನೆ ಹೊಳೆಯಲಿಲ್ಲ. ಅವಳಿಗೂ ಹಾಗೇ ಆಯಿತು. ಒತ್ತಿದ ತೋಳಿನ ಮೇಲೆ ಕದ್ದು ಮಾತಾಡುವಾಗ ನೂರು ಕಥೆ ಬರುತ್ತಿದ್ದವು. ಹೀಗೆ ಹಗಲು ಬೆಳಕಿನಲ್ಲಿ ಕೂತು ಮಾತಾಡು ಎಂದರೆ ನಾಲಿಗೆ ಏಳಲಿಲ್ಲ. ಮಗ ಕಷ್ಟಪಡುತ್ತಿದ್ದಾನೆ ಎಂದು ತಿಳಿದು ತಾನೇ ದಾರಿ ಬಿಟ್ಟಳು.

‘ನಿನಗ ಕೆಲಸ ಇದ್ದೀತು. ಇಡತೀನಿ.’

‘ಇಡಬ್ಯಾಡ,’ ಎಂದ ಕೇದಾರನಾಥ.

‘ಯಾಕ?’

ಯಾಕೆಂದು ಅವನಿಗೂ ಗೊತ್ತಿರಲಿಲ್ಲ. ‘ಸುಮ್ಮನ,’ ಎಂದ.

ಅವಳು ಇಡಲಿಲ್ಲ. ಅವಳ ಕಿವಿಗೆ ಲಾರಿಗಳ ಹಾರ್ನು, ಯಾರೋ ಹಿಂದಿಯಲ್ಲಿ ಬೈಯುವುದು ಕೇಳಿಸಿತು. ಅವನ ಕಿವಿಗೆ ಕೂಲರಿನ ಸದ್ದು ಕೇಳಿಸಿತು. ದಿನವಿಡೀ ಅವಳ ಪಾಲಿಗಿರುವುದು ಇದೊಂದೇ ಸದ್ದು ಎಂದು ಅವನಿಗೆ ಅಲ್ಲಿ ನಿಂತಾಗ ತಿಳಿಯಿತು. ಒಂದು ನಿಮಿಷ ಹೋಯಿತು, ಎರಡು ಹೋದವು.

‘ಅದೀಯೇನು?’ ಎಂದಳು ಜಯವ್ವ.

‘ಅದೀನವ್ವಾ.’

ಸ್ವಲ್ಪ ಹೊತ್ತಿನ ಮೇಲೆ ಅವಳು ಅದನ್ನೇ ಇನ್ನೊಮ್ಮೆ ಕೇಳಿದಳು.